ಬಣ್ಣ ಹೇಳುವ ಕೆಲಸ

ರಿಟೈರ್ ಆದ ಮೇಲೆ ನಮ್ಮ ಮನೆಯವರಿಗೆ ಅಣಬೆಯ ಹುಚ್ಚು ಹಿಡಿಯಿತು. ತಿನ್ನುವುದಕ್ಕಲ್ಲ, ನಮ್ಮ ಮನೆಯಲ್ಲಿ ಅಣಬೆ ತಿನ್ನುವವರೇ ಇಲ್ಲ. ಹುಡುಕಿ, ವಿವರ ಬರೆದು, ಒಣಗಿಸಿ ಇಡುವುದಕ್ಕೆ. ಅದರಲ್ಲೂ ಬೊಲೀಟ್ ಎಂಬ ಜಾತಿಯೇ ಆಗಬೇಕು. ಪೈನ್ ಮರಗಳ ಬುಡದಲ್ಲಿ ಏಳುವ ದಪ್ಪ ಅಣಬೆ ಅದು. ಕೊಡೆಯ ಅಡಿಯಲ್ಲಿ ಪದರಗಳ ಬದಲು ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು.

ಮಳೆ ಬಿದ್ದರೆ ಮುಗಿಯಿತು, ಭಾನುವಾರ ಬೆಳಿಗ್ಗೆ ನಾವಿರುವ ಸ್ಟಾಫರ್ಡಿನಿಂದ ಆಸ್ಟಿನ್ ಕಡೆಯ ಪೈನ್ ಗುಡ್ಡಗಳಿಗೆ ಹೊರಡಬೇಕು. ಅಲ್ಲಿ ಪರಿಚಯದವರೊಬ್ಬರು ತಮ್ಮ ಜಾಗದಲ್ಲಿ ಓಡಾಡಲು ಬಿಟ್ಟಿದ್ದರು. ಡ್ರೈವ್ ಮಾಡುವವರು ಅವರೇ, ಆದರೆ ನಾನಿಲ್ಲದೆ ಕೆಲಸ ನಡೆಯದು. ಅವರ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ಮಣ್ಣು. ಬೊಲೀಟಿನ ಗುರುತೋ ಬಣ್ಣದಲ್ಲೇ ಇದೆ. ಕತ್ತರಿಸಿದರೆ ಒಂದು ನೀಲಿಯಾಗುತ್ತದೆ, ಇನ್ನೊಂದು ಕೆಂಪಾಗುತ್ತದೆ. ಫೋಟೋದ ಬಣ್ಣ ನಂಬಬಾರದಂತೆ, ಕಿತ್ತ ಜಾಗದಲ್ಲೇ ಕತ್ತರಿಸಿ ನೋಡಬೇಕಂತೆ. ಹಾಗಾಗಿ ಅವರು ಕೂತು ಕತ್ತರಿಸುವುದು, ನಾನು ಬಗ್ಗಿ ಬಣ್ಣ ಹೇಳುವುದು. ನನಗೆ ಗೊತ್ತಿದ್ದದ್ದು ಅಡುಗೆಮನೆಯ ಬಣ್ಣಗಳು. ಹಳೇ ಹುಣಸೆಹಣ್ಣು, ಬೆಂದ ಬದನೆಕಾಯಿ, ಕಾಫಿ ಚರಟ ಅನ್ನುತ್ತಿದ್ದೆ. ಅವರು ಅದನ್ನೇ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಮೊದಮೊದಲು ಹುರುಪಿತ್ತು, ಆಮೇಲೆ ಸಾಕಾಯಿತು. ವಾರವೆಲ್ಲ ನನಗೆ ಆಫೀಸು, ಭಾನುವಾರ ಸೊಳ್ಳೆ. ಮರದಡಿ ಕೂತು ಚಿತ್ರಾನ್ನ ತಿನ್ನುವಾಗಲೇ ಕಣ್ಣು ಎಳೆಯುತ್ತಿತ್ತು. ಒಂದೇ ಒಂದು ಭಾನುವಾರ ಮನೆಯಲ್ಲಿ ಬಿದ್ದುಕೊಂಡಿರಬೇಕು ಎನ್ನುವುದು ನನ್ನ ಆಸೆ. ಕೇಳಲು ಬಾಯಿ ಬರುತ್ತಿರಲಿಲ್ಲ. ಕುರುಡರ ಕೈಯಿಂದ ಕೋಲು ಕಿತ್ತುಕೊಂಡ ಹಾಗಾಗುತ್ತದೆ ಎಂಬ ಸಂಕಟ.

ಒಂದು ಶನಿವಾರ, ಮಳೆ ನಿಂತ ಮೇಲೆ, ಅವರು ಬುಟ್ಟಿ ಒರೆಸುತ್ತಿದ್ದಾಗ ಹೇಳಿಯೇಬಿಟ್ಟೆ.

"ನಾಳೆ ನಾನ್ ಬರಲ್ಲ ರೀ. ನಂಗ್ ಸುಸ್ತಾಗೋಗಿದೆ."

ಅವರು ಒತ್ತಾಯ ಮಾಡಲಿಲ್ಲ. ಮುಖ ಮಾತ್ರ ಸಪ್ಪಗಾಯಿತು. ಬೆಳಿಗ್ಗೆ ಒಬ್ಬರೇ ಹೋದರು. ನಾನು ಬಿಸಿಲು ಏರುವವರೆಗೆ ಮಲಗಿದೆ, ಎದ್ದಾಗಲೂ ಮೈ ಭಾರವಾಗಿಯೇ ಇತ್ತು. ನನ್ನಿಂದಾಗಿ ಇವತ್ತಿನ ಬಣ್ಣಗಳೆಲ್ಲ ಬರೆಯದೆ ಉಳಿದವು ಎಂದು ದಿನವಿಡೀ ಕೊರಗಿದೆ.

ಸಂಜೆ ಗ್ಯಾರೇಜಿನಿಂದ ಕರೆದರು. ಯಾವಾಗಲೂ ಅಣಬೆ ಒಣಗಿಸುವ ಮೇಜಿನ ಮೇಲೆ, ಕಾಗದದಲ್ಲಿ ಸುತ್ತಿದ ಐದಾರು ಬೊಲೀಟ್. ಒಂದಕ್ಕೂ ಚಾಕು ತಾಗಿಸಿರಲಿಲ್ಲ. ನಾನು ಹತ್ತಿರ ಹೋದ ಮೇಲೆ ಒಂದನ್ನು ಸೀಳಿದರು. ಬೆಳ್ಳಗಿದ್ದ ತಿರುಳು ನೋಡನೋಡುತ್ತಿದ್ದಂತೆ ಕೆಂಪೇರಿತು, ಕಾಡಿನಲ್ಲಿ ಆಗುತ್ತಿದ್ದ ಹಾಗೆಯೇ. ನನಗೆ ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ಮೊದ್ಲಿಂದ್ಲೂ ಮನೆಗ್ ತಂದೇ ನೋಡ್ಬೋದಿತ್ತಾ?"

"ನೋಡ್ಬೋದಿತ್ತು" ಎಂದರು, ಚಾಕು ಒರೆಸುತ್ತ. "ಒಬ್ಬನೇ ಹೋಗಕ್ಕೆ ಬೇಜಾರು ಕಣೇ."

ಅಷ್ಟು ವರ್ಷ ಅವರಿಗೆ ಬೇಕಾಗಿರುವುದು ನನ್ನ ಕಣ್ಣು ಎಂದುಕೊಂಡೇ ಸೊಂಟ ಮುರಿದುಕೊಂಡಿದ್ದೆ. ನಾನು ಬೇಕು ಎಂದು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ, ಬಹುಶಃ ಇಷ್ಟು ದಣಿಯುತ್ತಿರಲಿಲ್ಲ.