ಮಾವನವರ ಅರ್ಧ ತಿರುವು

ನನ್ನ ಮೊದಲ ವಿಮಾನ ಹನ್ನೊಂದು ಸೆಕೆಂಡು ಹಾರಿತು. ಯುದ್ಧವಿಮಾನದ ಆಕಾರದ್ದು, ನೋಡಲು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಂಡದ್ದು. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯ ಹಿಂದಿನ ಸಾಕರ್ ಮೈದಾನದಲ್ಲಿ ಅದನ್ನು ಕೈಯಿಂದ ಎಸೆದೆ. ಮೇಲೆ ಹೋಯಿತು, ತಿರುಗಿ ನನ್ನ ಕಡೆಗೇ ಬಂತು. ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಅದು ಬಲಕ್ಕೆ ಹೋಯಿತು. ಗಾಬರಿಯಲ್ಲಿ ಇನ್ನಷ್ಟು ತಳ್ಳಿದೆ. ಕೆಮ್ಮಣ್ಣಿನಲ್ಲಿ ಮೂತಿ ಊರಿ ನಿಂತಿತು. ಎದುರಿಗೆ ಬರುವ ವಿಮಾನಕ್ಕೆ ನಮ್ಮ ಎಡಬಲ ಅದಲುಬದಲಾಗುತ್ತದೆ ಎನ್ನುವುದು ಇಂಜಿನಿಯರಾದ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಚೂರುಗಳನ್ನು ಆರಿಸುವಾಗ.

ಆಮೇಲೆ ಮರ್ಯಾದೆಯಾಗಿ ಒಂದು ಕ್ಲಬ್ಬು ಸೇರಿದೆ. ಊರಾಚೆ, ಪೈನ್ ಮರಗಳ ನಡುವೆ ಹುಲ್ಲು ಕತ್ತರಿಸಿ ಮಾಡಿದ ರನ್‌ವೇ. ಅಲ್ಲಿ ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಮುದುಕರು. ಅವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ, ಸರ್ ಎಂದರೆ ಅವರು ಸಿಡುಕುತ್ತಿದ್ದರು. ರೆಕ್ಕೆ ಮೇಲಿರುವ, ನಿಧಾನಕ್ಕೆ ಹಾರುವ, ಒಂದಿಷ್ಟೂ ಚೆಂದವಿಲ್ಲದ ಬಿಳಿ ವಿಮಾನವೊಂದನ್ನು ಕೊಳ್ಳಿಸಿದರು. ಮೂರು ತಿಂಗಳು ಒದ್ದಾಡಿ, ಒಬ್ಬನೇ ಹಾರಿಸಲು ಅನುಮತಿ ಪಡೆದೆ. ಸರಿಯಾಗಿ ಅದೇ ವಾರ ಬೆಂಗಳೂರಿನಿಂದ ನಮ್ಮ ಮಾವನವರು, ಹೆಂಡತಿಯ ತಂದೆ, ಆರು ತಿಂಗಳಿಗೆಂದು ಬಂದಿಳಿದರು.

ಮಾವನವರು ವಿಮಾನ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ದುಡಿದವರು. ಮೊದಲು ರೆಕ್ಕೆಗೆ ರಿವೆಟ್ ಹೊಡೆದರು, ಕೊನೆಯ ಹತ್ತು ವರ್ಷ ಬೇರೆಯವರು ಹೊಡೆದ ರಿವೆಟ್ಟುಗಳಲ್ಲಿ ತಪ್ಪು ಹುಡುಕಿದರು. ಆ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿರಲಿಲ್ಲ. ಆಗದ್ದನ್ನು ಆಯಿತು ಎಂದು ಹೇಳಿದ ಜನ್ಮವಲ್ಲ ಅದು. ಮಗಳು ಮಾಡಿದ ಸಾರಿಗೂ ಅವರು ಸುಮ್ಮನೆ ಚೆನ್ನಾಗಿದೆ ಎಂದದ್ದನ್ನು ನಾನು ಕೇಳಿಲ್ಲ.

ನನ್ನ ವಿಮಾನವನ್ನು ಕೈಗೆತ್ತಿಕೊಂಡವರೇ ಉಗುರಿನಿಂದ ಕುಟ್ಟಿ ನೋಡಿ, ಇದು ಥರ್ಮಾಕೋಲು, ಗಣೇಶನ ಹಬ್ಬಕ್ಕೆ ಮಂಟಪ ಮಾಡ್ತಾರಲ್ಲ ಅದು, ಎಂದರು. ನನ್ನ ಮೈ ಉರಿಯಿತು. ಆಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ, ಮೂತಿ ಹಗುರವಾಗಿದೆ, ಬ್ಯಾಟರಿ ಮುಂದಕ್ಕೆ ತಳ್ಳಿ ಎಂದರು. ಅದು ಹಾಗೇನಿಲ್ಲ ಎಂದು ವಾದಿಸಿದೆ. ಮಾರನೆಯ ದಿನ ಕದ್ದು ಮುಚ್ಚಿ ತಳ್ಳಿ ನೋಡಿದರೆ ವಿಮಾನ ಹಿಂದೆಂದೂ ಅಷ್ಟು ನೆಟ್ಟಗೆ ಹಾರಿರಲಿಲ್ಲ. ಅವರು ತಪ್ಪು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಸರಿಯಾಗಿಯೇ ಹೇಳುತ್ತಿದ್ದುದು ಸಹಿಸಲಾಗುತ್ತಿರಲಿಲ್ಲ.

ಪ್ರತಿ ಶನಿವಾರ ಮಡಿಚುವ ಕುರ್ಚಿ, ಮಜ್ಜಿಗೆ ಬಾಟಲಿ, ಮಂಕಿ ಕ್ಯಾಪು ಹಿಡಿದು ಅವರೂ ಹೊರಡುತ್ತಿದ್ದರು. ಜುಲೈ ತಿಂಗಳಲ್ಲಿ ಮಂಕಿ ಕ್ಯಾಪು! ಗಾಳಿಗೆ ಕಿವಿ ನೋಯುತ್ತದಂತೆ. ನಾನು ಹಾರಿಸುವಾಗ ಹಿಂದಿನಿಂದ ಒಂದೇ ಸಮನೆ ಸೂಚನೆಗಳು. ಬೆಂಗಳೂರಿನ ಆಟೋದಲ್ಲಿ ಹಿಂದೆ ಕೂತು ದಾರಿ ಹೇಳುವವರ ಹಾಗೆ. ನನಗೆ ಎಷ್ಟೇ ರೇಗಿದರೂ ಸರಿ ಮಾವ, ಆಯ್ತು ಮಾವ ಎನ್ನುವುದು ಬಿಟ್ಟು ಬೇರೆ ಮಾತು ಹೊರಡದು. ಅವರೂ ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ಬೈಯುವಾಗಲೂ ಅಳಿಯಂದಿರೇ.

ಅವರ ವಾಪಸ್ ಟಿಕೆಟ್ಟಿಗೆ ಎರಡು ವಾರ ಉಳಿದಿದ್ದಾಗ, ಒಂದು ಸಂಜೆ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಕಾಫಿ ಕುಡಿಯುತ್ತ, ನನ್ನ ಮುಖ ನೋಡದೆ ಹೇಳಿದರು.

"ಅಷ್ಟು ವರ್ಷ ರೆಕ್ಕೆ ಕಟ್ಟಿದೀನಿ ಅಳಿಯಂದ್ರೇ. ನನ್ನ ಕೈಯಾರೆ ಒಂದು ಸಲಾನೂ ವಿಮಾನ ತಿರುಗ್ಸಿಲ್ಲ."

ಆರು ತಿಂಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ಅದನ್ನೂ ಕೇಳಿದ ಹಾಗೆ ಕೇಳಲಿಲ್ಲ.

ಕ್ಲಬ್ಬಿನ ಮುದುಕರು ಏರ್ಪಾಡು ಮಾಡಿಕೊಟ್ಟರು. ಎರಡು ರಿಮೋಟುಗಳ ನಡುವೆ ಒಂದು ವೈರು. ನಾನು ನನ್ನ ರಿಮೋಟಿನ ಒಂದು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಮಾವನವರ ಕೈಯಲ್ಲಿ, ಬಿಟ್ಟ ತಕ್ಷಣ ನನ್ನ ಕೈಗೆ. ಏನಾದರೂ ಎಡವಟ್ಟಾದರೆ ಮಾತಾಡಬೇಡ, ಬೆರಳು ತೆಗೆ ಎಂದು ಆ ಮುದುಕರು ನನಗೆ ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ.

ಮೊದಲ ಶನಿವಾರ ಮಾವನವರು ಅರ್ಧ ನಿಮಿಷ ನೆಟ್ಟಗೆ ಹಾರಿಸಿದರು. ಆಮೇಲೆ ಕಡ್ಡಿ ಜಾಸ್ತಿ ತಳ್ಳಿದರೋ ಏನೋ, ವಿಮಾನ ಮೂತಿ ಬಗ್ಗಿಸಿತು. ಬೆರಳು ತೆಗೆದರೆ ಮುಗಿದಿತ್ತು. ಆದರೆ ಮಾವನವರ ಕೈಯಲ್ಲಿರುವುದನ್ನು ಹೇಳದೆ ಕೇಳದೆ ಕಿತ್ತುಕೊಳ್ಳುವುದು ಹೇಗೆ? "ಮಾವ, ನಾನು ತಗೊಳ್ಳಲಾ?" ಎಂದು ಕೇಳಿದೆ. ಅವರು "ಹ್ಞಾಂ, ತಗೊಳ್ಳಿ, ತಗೊಳ್ಳಿ" ಎಂದು ಉಪಚಾರ ಮಾಡುವಷ್ಟರಲ್ಲಿ ವಿಮಾನ ನೆಲದಲ್ಲಿತ್ತು. ಕ್ಲಬ್ಬಿನ ಮುದುಕರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು.

ಆ ವಾರವಿಡೀ ಮಾವನವರು ಗರಾಜಿನಲ್ಲಿ ಕೂತು ಮುರಿದ ರೆಕ್ಕೆ ಅಂಟಿಸಿದರು. ಮಂಟಪದ ಥರ್ಮಾಕೋಲು ಎಂದು ತಾವೇ ಹೀಗಳೆದಿದ್ದರ ಒಳಗೆ ಬಿದಿರಿನ ಕಡ್ಡಿ ಕೂರಿಸಿ, ಸಂದಿಯೇ ಕಾಣದಂತೆ ಮರಳು ಕಾಗದದಲ್ಲಿ ಉಜ್ಜಿದರು. ಒಂದು ಮಾತು ಬೈಯಲಿಲ್ಲ. ಶುಕ್ರವಾರ ಮಾತ್ರ, "ಈ ಸಲ ಕೇಳ್ಬೇಡಿ. ಸುಮ್ನೆ ತಗೊಂಬಿಡಿ" ಎಂದರು.

ಮಾರನೆಯ ದಿನ ಅವರ ಕೊನೆಯ ಶನಿವಾರ. ಮಧ್ಯಾಹ್ನವೇ ಮೋಡ ಕವಿಯುತ್ತಿತ್ತು. ನಾನು ಮೇಲೇರಿಸಿ ಗುಂಡಿ ಒತ್ತಿದೆ. ವಿಮಾನ ಅವರ ಕೈಯಲ್ಲಿ ರನ್‌ವೇಯ ಉದ್ದಕ್ಕೂ ಹಗ್ಗ ಹಿಡಿದ ಹಾಗೆ ಹೋಯಿತು. ಪೈನ್ ಮರಗಳು ಹತ್ತಿರವಾದವು. ಅಷ್ಟರಲ್ಲಿ ಎಡರೆಕ್ಕೆ ಬಾಗಿತು. ಈ ಸಲ ನಾನು ಕೇಳಲಿಲ್ಲ. ಬೆರಳು ತೆಗೆದೆ, ಬಲಕ್ಕೆ ಎಳೆದು ರೆಕ್ಕೆ ನೆಟ್ಟಗೆ ಮಾಡಿದೆ, ಮರಗಳ ಮೇಲೆ ಎತ್ತಿ ಸುತ್ತು ಹಾಕಿಸಿ ತಂದೆ. ಕ್ಲಬ್ಬಿನ ಮುದುಕರು ಬೆನ್ನು ತಟ್ಟಿದರು. ನಾನೂ ಬೀಗಿದೆ.

ಮಾವನವರು ಇನ್ನೂ ಮರಗಳ ಕಡೆಗೇ ನೋಡುತ್ತಿದ್ದರು.

"ರೆಕ್ಕೆ ಬಾಗ್ಸಿದ್ದು ನಾನೇ. ತಿರುಗಿಸ್ತಿದ್ದೆ," ಎಂದರು.

ಮತ್ತೆ ಕೊಡೋಣವೆಂದರೆ ಬ್ಯಾಟರಿ ಮುಗಿಯುತ್ತಿದೆಯೆಂದು ಎಚ್ಚರಿಸುವ ಸದ್ದು ಶುರುವಾಯಿತು. ಇಳಿಸಲೇಬೇಕಾಯಿತು. ಇನ್ನೊಂದು ಬ್ಯಾಟರಿ ಹಾಕುವುದರೊಳಗೆ ಗುಡುಗು ಬಂತು, ಮೈದಾನದಿಂದ ಎಲ್ಲರನ್ನೂ ಎಬ್ಬಿಸಿದರು. ಕೇಳಿದರೂ ತಪ್ಪು, ಕೇಳದಿದ್ದರೂ ತಪ್ಪು. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು. ಪಕ್ಕದ ಸೀಟಿನಲ್ಲಿ ಮಾವನವರು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು, ತಾವು ಅಂಟಿಸಿದ ಜಾಗವನ್ನು ಬೆರಳಿನಿಂದ ಸವರುತ್ತ ಕೂತಿದ್ದರು. ಕ್ಷಮೆ ಕೇಳಬೇಕೆಂದುಕೊಂಡೆ. ಮಾವನವರ ಹತ್ತಿರ ಅದನ್ನು ಯಾವ ಮಾತಿನಲ್ಲಿ ಕೇಳುವುದೆಂದು ತಿಳಿಯದೆ ಏಸಿ ಜಾಸ್ತಿಯಾಯಿತೇ ಎಂದು ಕೇಳಿದೆ.

ಭಾನುವಾರ ಬೆಳಿಗ್ಗೆ ಕಾಫಿ ಕೊಡಲು ಅವರ ಕೋಣೆಗೆ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆಯ ಮೇಲೆ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಮಾವನವರು ಕಾರ್ಖಾನೆಯ ಹಳೆಯ ಸ್ನೇಹಿತರೊಬ್ಬರ ಜೊತೆ ಫೋನಿನಲ್ಲಿದ್ದರು. ವಿಮಾನ ಹಾರಿಸಿದ್ದನ್ನು ಹೇಳುತ್ತಿದ್ದರು. ಆ ಕಡೆಯವರು ತಿರುಗಿಸಿದೆಯಾ ಎಂದು ಕೇಳಿರಬೇಕು.

"ಅರ್ಧ ತಿರುಗಿಸ್ದೆ ಕಣಯ್ಯಾ. ಇನ್ನರ್ಧ ನಮ್ಮ ಅಳಿಯಂದ್ರು ಪೂರ್ತಿ ಮಾಡಿದ್ರು."

ನಾನು ಪೂರ್ತಿ ಮಾಡಿರಲಿಲ್ಲ. ಅವರು ತಿರುಗಿಸಿದಷ್ಟನ್ನೂ ಅಳಿಸಿಹಾಕಿದ್ದೆ. ಅದು ಅವರಿಗೂ ಗೊತ್ತಿತ್ತು. ಕಾಫಿ ಹಿಡಿದು ಬಾಗಿಲ ಹೊರಗೇ ನಿಂತಿದ್ದೆ, ಅದು ಆರುವವರೆಗೂ.