ಅಕ್ಕವ್ವನ ಎರಡನೆಯ ಡಬರಿ

ಗಿರಾಕಿಯಾಗಿ ಕಲ್ಲೋಳಿಯ ಅಕ್ಕವ್ವನನ್ನು ತೂಗಿದರೆ ಹೀಗೆ: ವಯಸ್ಸು ನಲವತ್ತರ ಆಚೀಚೆ, ಮಾತು ಕಡಿಮೆ, ಕಣ್ಣು ಚುರುಕು, ಚೌಕಾಸಿಯಲ್ಲಿ ಪಕ್ಕಾ. ಮೇಲ್ನೋಟಕ್ಕೆ ಚೊಕ್ಕ ಮಾಲು. ಆದರೆ ಮೇಲೆ ಚೊಕ್ಕವಾಗಿ ಕಾಣುವ ಚೀಲದ ತಳಕ್ಕೇ ನಾನು ಮೊದಲು ಕೈಹಾಕುವುದು. ಗೋಕಾಕದಲ್ಲಿ ಕಾಯಿಪಲ್ಯದ ಅಡತಿ ಅಂಗಡಿ ಇಟ್ಟವನಿಗೆ ಈ ಚಾಳಿ ತಪ್ಪಿದ್ದಲ್ಲ.

ಅವಳ ಗಂಡ ಹನಮಂತ ನನ್ನ ಮಾಲನ್ನು ತನ್ನ ಟೆಂಪೊದಲ್ಲಿ ಮೂಡಲಗಿ, ಹುಕ್ಕೇರಿ ಸಂತೆಗಳಿಗೆ ಮುಟ್ಟಿಸುತ್ತಾನೆ. ಅವಳು ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಕಳೆದ ಯುಗಾದಿಯಾದ ಮೇಲೆ ಹನಮಂತನ ಸಕ್ಕರೆ ಕಾಯಿಲೆ ಏರಿ, ಎಡಗಾಲಿನ ಕಿರುಬೆರಳನ್ನು ತೆಗೆದರು. ಗಾಯ ಮಾಯದಿದ್ದರೆ ಮುಂದೆ ಪಾದ ಎಂದು ಡಾಕ್ಟರು ಹೇಳಿದ್ದರು. ಕ್ಲಚ್ ತುಳಿಯುವ ಕಾಲು ಅದು.

ಗಣೇಶ ಚೌತಿಯ ಹಿಂದಿನ ದಿನ ಅಕ್ಕವ್ವ ಅಂಗಡಿಗೆ ಬಂದಳು. ಒಡೆದ ಎಲೆಕೋಸುಗಳನ್ನು ನಾನು ದನಕ್ಕೆಂದು ಮೂಲೆಗೆ ಒಟ್ಟಿರುತ್ತೇನೆ. ಅದರ ಮುಂದೆ ಕುಳಿತು, ಮೇಲಿನ ಹಸಿರೆಲೆ ಬಿಸಾಕಿ, ಒಳಗಿನ ಬಿಳಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲೆ ಹರವಿ ಅಳತೆ ನೋಡತೊಡಗಿದಳು.

“ಏನ್ ಹುಡುಕಾಕತ್ತಿ ಅಕ್ಕವ್ವಾ?”

“ಎಮ್ಮಿಗಿ ಮೇವ್ರಿ ಕಾಕಾ.”

“ನಿಮ್ಮನ್ಯಾಗ ಎಮ್ಮಿ ಯಾವಾಗ ಬಂತು?”

“ಬಾಜೂ ಮನಿದು.”

“ಭಾಳ ನಾಜೂಕಿನ ಎಮ್ಮಿ ಕಾಣ್ತೈತಿ. ಹರಿದ ಎಲಿ ತಿನ್ನೂದಿಲ್ಲೇನ?”

“ನಿಮ್ಮಂಗರಿ. ಆರಿಸಿ ಆರಿಸಿ ತಿಂತೈತಿ.”

ಎಲೆಗಳ ಜೊತೆ ಒಂದು ಹೂಕೋಸು, ಎರಡು ಸಿವುಡು ಮೆಂತ್ಯ ಕಟ್ಟಿಸಿಕೊಂಡು ಹೋದಳು. ಎಮ್ಮೆ ಹಸಿರೆಲೆಯನ್ನೇ ಮೊದಲು ತಿನ್ನುತ್ತದೆ ಎಂಬುದು ನನಗೆ ಗೊತ್ತು. ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ, ಪೇಟೆಯಲ್ಲಿ ಅದು ನಡೆಯುವ ನಾಣ್ಯವೇ. ನಾನು ಎಸೆಯುವ ಮಾಲಿನಲ್ಲಿ ಅವಳಿಗೇನು ಲಾಭ ಕಂಡಿತು ಎಂಬುದೇ ಚುಚ್ಚುತ್ತಿತ್ತು.

ಮರುದಿನ ಹನಮಂತ ಹಬ್ಬದ ಊಟಕ್ಕೆ ಕರೆದಿದ್ದ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಅವನೇ ಕುಳಿತ, ಬ್ಯಾಂಡೇಜಿನ ಕಾಲನ್ನು ಮುಂದೆ ಚಾಚಿ. ಬಡಿಸಲು ನಿಂತವನು ಅವನ ಅಣ್ಣ ಲಗಮಪ್ಪ, ದಡ್ಡಿ ಎಂಬ ಊರಿನಿಂದ ಬಂದವನು. ಕಡಬಿನ ಬುಟ್ಟಿ ಹಿಡಿದರೆ ಲಗಮಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೂ ಒಂದು ಕಡಬು ಇಟ್ಟು, ತುಪ್ಪ ಸುರಿದೇ ಮುಂದೆ ಹೋಗುವವನು.

ಹನಮಂತನ ತಾಟು ನೋಡಿ ನನ್ನ ತುತ್ತು ನಿಂತಿತು. ಎರಡು ಕುಚ್ಚಿದ ಕಡಬು, ಮೇಲೆ ಧಾರಾಳ ತುಪ್ಪ! ಕಾಲು ಕಳೆದುಕೊಳ್ಳುವ ಅಂಚಿನಲ್ಲಿರುವವನಿಗೆ ಕಟ್ಟಿಕೊಂಡವಳೇ ಬೆಲ್ಲದ ಹೂರಣ ತಿನ್ನಿಸುತ್ತಿದ್ದಾಳೆ. ಅವನೋ, ಸಾಲಿ ತಪ್ಪಿಸಿದ ಹುಡುಗನ ಹಾಗೆ ತಲೆ ಎತ್ತದೆ ತಿನ್ನುತ್ತಿದ್ದಾನೆ. ಲಗಮಪ್ಪ ಬಂದು ಆ ತಾಟಿಗೆ ಬಗ್ಗಿ ನೋಡಿ, “ಇವಂಗ ಅದಾವ” ಎಂದು ದಾಟಿ ಹೋದ.

ಆಗ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಬಾಗಿಲ ಮರೆಯಲ್ಲಿ ಅಕ್ಕವ್ವ ಮುಚ್ಚುತ್ತಿದ್ದ ಸಣ್ಣ ಡಬರಿ, ಅದರೊಳಗೆ ಅಂಥವೇ ಇನ್ನೆರಡು ಕಡಬು. ಊರಿಗೆಲ್ಲ ಬುಟ್ಟಿಯಿಂದ, ಗಂಡನಿಗೆ ಮಾತ್ರ ಅದರಿಂದ. ಎರಡು ತಕ್ಕಡಿ ಇಟ್ಟ ಅಂಗಡಿಯನ್ನು ನಾನು ಸುಮ್ಮನೆ ಬಿಟ್ಟವನಲ್ಲ.

“ಅಕ್ಕವ್ವಾ, ನನಗ ಆ ಡಬರ್ಯಾಂದ ಹಾಕವಾ.”

ಅವಳ ಕೈ ನಿಂತಿತು. “ಬುಟ್ಟ್ಯಾಗ ಬಿಸಿ ಅದಾವ್ರಿ.”

“ತಣ್ಣಂದ ನಡೀತೈತಿ.”

ಪಂಕ್ತಿ ಇತ್ತ ತಿರುಗಿತ್ತು. ಬೇರೆ ದಾರಿಯಿಲ್ಲದೆ ಒಂದನ್ನು ತಂದು ಹಾಕಿದಳು. ಕಚ್ಚಿದೆ. ಕಣಕವಲ್ಲ, ಎಲೆಕೋಸಿನ ಎಲೆ! ದಪ್ಪ ನರ ಕೆತ್ತಿ, ಬಿಸಿನೀರಿಗೆ ಅದ್ದಿ ಮೆತ್ತಗೆ ಮಾಡಿ, ಅರ್ಧಚಂದ್ರಕ್ಕೆ ಮಡಚಿ, ಅಂಚನ್ನು ಜಂಪರಿನ ತೋಳಿನಂತೆ ಒಳಗೆ ಸರಿಸಿ ಉಗಿಯಲ್ಲಿ ಬೇಯಿಸಿದ್ದಳು. ಒಳಗೆ ಪುಡಿ ಮಾಡಿದ ಹೂಕೋಸು, ಮೆಂತ್ಯಪಲ್ಯ, ಗುರೆಳ್ಳು ಪುಡಿ, ಹಸಿ ಖಾರ. ಬೆಲ್ಲದ ಸುಳಿವಿಲ್ಲ. ತುಪ್ಪದಡಿಯಲ್ಲಿ ನನ್ನಂಥವನಿಗೂ ಗುರುತು ಸಿಗದ ನಕಲಿ ಮಾಲು.

“ಹೆಂಗಾಗ್ಯಾವ್ರಿ ಸಾವಕಾರ್ರ?” ಲಗಮಪ್ಪ ಕೇಳಿದ. ಅಕ್ಕವ್ವ ನನ್ನನ್ನೇ ನೋಡುತ್ತಿದ್ದಳು.

“ಹೂರಣ ಹದಕ್ಕ ಬಂದೈತಿ” ಎಂದೆ.

“ಹಂಗಾರ ನನಗೂ ಅದರಾಗಿಂದ ಒಂದ್ ಕೊಡವಾ ತಂಗಿ.”

ಡಬರಿಯಲ್ಲಿ ಇನ್ನೊಂದೇ ಉಳಿದಿತ್ತು. “ಏ ಲಗಮಪ್ಪಾ, ಅದರ ಸವದಾ ಮುಗದೈತಿ, ಅದು ನಂದು” ಎಂದು ತಾಟನ್ನೇ ಚಾಚಿದೆ. ಅವಳು ಹಾಕಿದಳು. ಲಗಮಪ್ಪ, “ಅಡತಿಯವ್ರು ಊಟದಾಗೂ ಹರಾಜು ಬಿಡೂದಿಲ್ಲ” ಎಂದ. ಪಂಕ್ತಿಯೆಲ್ಲ ನಕ್ಕಿತು.

ನಗದವನು ಹನಮಂತ ಒಬ್ಬನೇ. ಡಬರಿ ಬರಿದಾಗಿತ್ತು, ತಾಟು ಖಾಲಿಯಾದರೆ ಅಣ್ಣನ ಬುಟ್ಟಿ ಬರುತ್ತದೆ. ಉಳಿದಿದ್ದ ಅರ್ಧ ಕಡಬನ್ನು ಚೂರುಚೂರೇ ಮುರಿಯುತ್ತ, ಪಂಕ್ತಿ ಏಳುವವರೆಗೂ ತಾಟಿನಲ್ಲಿ ಕಾಯ್ದುಕೊಂಡ.

ಕೈ ತೊಳೆಯಲು ನೀರು ಹಾಕುವಾಗ ಅಕ್ಕವ್ವ ಮೆಲ್ಲಗೆ ಅಂದಳು: “ಯುಗಾದಿ ದಿವಸ, ಇವರಿಗಿ ಸಕ್ಕರಿ ಬ್ಯಾನಿ ಐತಿ, ಹೋಳಿಗಿ ಹಾಕಬ್ಯಾಡ್ರಿ ಅಂತ ಎಲ್ಲಾರಿಗೂ ಕೈ ಮುಗದೆ ಕಾಕಾ. ಒಂದರಾಗ ಏನಾಗ್ತೈತಿ ಅಂತ ಬಂದವರೆಲ್ಲಾ ಒಂದೊಂದು ಹಾಕಿದ್ರು. ಇವರಿಗರ ಒಲ್ಲೆ ಅನ್ನಾಕ ಬರೂದಿಲ್ಲ. ಬ್ಯಾಡಂದ್ರ ಯಾರೂ ಕೇಳೂದಿಲ್ಲ, ತಾಟಿನಾಗ ಕಂಡ್ರ ಮುಂದ ಹೋಗ್ತಾರ.”

“ನನಗರ ಹೇಳಬಾರದೇನವಾ?”

“ನೀವೂ ಆವತ್ತ ಒಂದ್ ಹಾಕಿದ್ರಿ.”

ಹಾಕಿದ್ದೆನೋ ಏನೋ, ಹಬ್ಬದ ದಿನ ಯಾರು ನೆನಪಿಟ್ಟಿರುತ್ತಾರೆ. ಅವಳು ನೆನಪಿಟ್ಟಿದ್ದಾಳೆ.

ಗಾಯ ಈಗ ಒಣಗಿದೆ. ಹನಮಂತ ಮತ್ತೆ ಕ್ಲಚ್ ತುಳಿಯುತ್ತಿದ್ದಾನೆ. ದೀಪಾವಳಿಗೆ ಹೋಳಿಗೆ ಬರುತ್ತದಲ್ಲ, ಅದಕ್ಕೆ ಯಾವ ಎಲೆ ಎತ್ತಿಡಲಿ ಎಂದು ಕೇಳಿದರೆ ಅಕ್ಕವ್ವ, “ಎಮ್ಮಿನ್ನ ಕೇಳಿ ಹೇಳ್ತೇನ್ರಿ” ಎನ್ನುತ್ತಾಳೆ. ನನ್ನನ್ನು ಇನ್ನೂ ಪೂರ್ತಿ ನಂಬಿಲ್ಲ. ನಂಬಬೇಕೆಂದು ನಾನೂ ಹೇಳುವುದಿಲ್ಲ.

ಗಂಡನಿಗೆಂದು ಅವಳು ಮಾಡಿಟ್ಟಿದ್ದ ಎರಡು ಕಡಬು ನಾನು ತಿಂದಿದ್ದೇನೆ. ಅವಳ ಲೆಕ್ಕದಲ್ಲಿ ಅವೆರಡು ನನ್ನ ಮೇಲೆ ಬಾಕಿ ಇವೆ.