ಹೊಳಬಸಪ್ಪ ಬುದ್ಧಿ ಮಾರಾಕ ಹೋಗಿದ್ದು

ಏನಂದಿ? ಬುದ್ಧಿ ಹೇಳಿದ್ರ ಯಾರರ ರೊಕ್ಕ ಕೊಡ್ತಾರೇನು ಅಂದ್ಯಾ? ಹತ್ತಿಮತ್ತೂರಿಗೆ ಹೋಗಿ ಕೇಳು, ಹೊಳಬಸಪ್ಪನ ಹೆಸರು ತಗದ್ರ ಇನ್ನೂ ನಾಕ ಮಂದಿ ಬೈತಾರ. ಮಂದಿ ಬೈಯ್ಯದಂಥ ಮನಶ್ಯಾನ ಕತಿ ಹೇಳಾಕ ನನಗೇನ ಹುಚ್ಚೇನು? ನಡಕ ಬಾಯಿ ಹಾಕಬ್ಯಾಡ, ಕೇಳು.

ಐವತ್ತೆಂಟನೇ ಇಸ್ವಿ. ಹೊಳಬಸಪ್ಪ ಸವಣೂರಾಗ ಮಲ್ಲೇಶಪ್ಪ ಸಾವ್ಕಾರನ ಹತ್ತಿ ಅಡತಿ ಅಂಗಡ್ಯಾಗ ಲೆಕ್ಕ ಬರಿಯೂದು ಕಲಿಯಾಕ ನಿಂತಿದ್ದ. ಎರಡ ವರ್ಷ. ಪಗಾರ ಇಲ್ಲ, ಎರಡ ಹೊತ್ತಿನ ಊಟ ಅಷ್ಟ, ಅದೂ ಸಾವ್ಕಾರ ಎದುರಿಗೆ ಕುಂತು ತುತ್ತು ಎಣಿಸಾವ. ಅಂಥಾ ಜುಗ್ಗ! ಬೆಲ್ಲದ ಮ್ಯಾಲೆ ಕುಂತ ನೊಣಾನ ಹಿಡದು, ಅದರ ಕಾಲು ಒರಸಿ ಬಿಡಾವ.

ಆ ಸುಗ್ಗಿಗೆ ಅಂಗಡಿಗೆ ಬರೋ ಚಕ್ಕಡಿ ಕಡಿಮಿ ಆದವು. "ಲೆಕ್ಕದಾಗ ಎಲ್ಲಿ ತಪ್ಪೈತಿ ನೋಡಲೇ" ಅಂದ ಸಾವ್ಕಾರ.

"ತಪ್ಪು ಲೆಕ್ಕದಾಗಿಲ್ಲರಿ, ನಿಮ್ಮ ಬಾಯಾಗೈತಿ. ರೈತ ಚಕ್ಕಡಿ ಇಳಿಯೂದ್ರೊಳಗ ಅವರಪ್ಪನ್ನ ಬೈತೀರಿ."

ಮಸಿ ದೌತಿ ಹಾರಿ ಬಂತು. ಗ್ವಾಡಿಗೆ ಬಡದ ಮಸಿ ಎಷ್ಟಂದ್ರ, ಮುಂದ ಮೂರ ವರ್ಷ ಆ ಅಂಗಡ್ಯಾಗ ಹಗಲೊತ್ತೂ ಕಂದೀಲು ಹಚ್ಚತಿದ್ರು.

"ಸವಣೂರಾಗ ಒಂದ ಅಂಗಡಿ ಬಾಗಲಾ ನಿನಗ ತೆರದ್ರ ನಾ ನಮ್ಮಪ್ಪಗ ಹುಟ್ಟಿಲ್ಲ!"

"ತೆರಿಯೂದ ಬ್ಯಾಡ್ರಿ. ಲೆಕ್ಕ ಬರದದ್ದ ಸಾಕಾತು. ಅಂಗಡಿ ಯಾಕ ಮುಳಗಾಕತ್ತಾವಂತ ಹೇಳಿ ರೊಕ್ಕ ಇಸಗೊಳ್ತೇನಿ."

ಹತ್ತಿಮತ್ತೂರ ಮನ್ಯಾಗ ಅವರವ್ವ ಶೇಖವ್ವ ಹಣಿ ಬಡಕೊಂಡ್ಲು. "ಬರೋ ಅಮಾಸಿಯೊಳಗ ದುಡದ ರೊಕ್ಕ ತೋರ್ಸು. ಇಲ್ಲಂದ್ರ ನಾನ ನಿನ್ನ ಕಿವಿ ಹಿಡದು ಒಯ್ದು ಸಾವ್ಕಾರನ ಕಾಲಿಗೆ ಕೆಡವತೇನಿ."

ಹೊಳಬಸಪ್ಪ ಬುದ್ಧಿ ಮಾರಾಕ ಊರೂರು ಹೊಂಟ. ಶಿಗ್ಗಾವ್ಯಾಗ ಬೈದು ಕಳಿಸಿದ್ರು. ಹಾನಗಲ್ಲಾಗ ನಾಯಿ ಬಿಟ್ಟರು. ಆ ನಾಯಿ ಇವನ ಧೋತರ ಕಚ್ಚಿಕೊಂಡು ಹಿರೇಕೆರೂರ ತನಕ ಬಂತು. ಅಲ್ಲಿ ಭರಮಪ್ಪ ಅನ್ನಾವನ ಎಣ್ಣಿ ಗಿರಣಿ. ರೈತರು ಶೇಂಗಾ ಹೇರಿಕೊಂಡು ಬಂದವರು ಭರಮಪ್ಪನ ಬಾಗಲ ದಾಟಿ, ಎದುರಿನ ಮೈಲಾರಪ್ಪನ ಗಿರಣಿಗೆ ಹೊಕ್ಕಿದ್ರು.

"ಯಾಕಂತ ಹೇಳು" ಅಂದ ಭರಮಪ್ಪ. "ಖರೇ ಅನಿಸಿದ್ರ ಇಪ್ಪತ್ತೈದು ರೂಪಾಯಿ. ಸುಳ್ಳಾದ್ರ ಶೇಂಗಾದ ಜೋಡಿ ನಿನ್ನೂ ಗಿರಣ್ಯಾಗ ಹಾಕಿ ಅರೀತೇನಿ."

ಅಮಾಸಿಗೆ ಒಂದ ದಿನ ಉಳದಿತ್ತು. ಹೊಳಬಸಪ್ಪ ಮುಂಜಾನಿಂದ ಸಂಜಿ ತನಕ ಬಾಗಲ ಮುಂದಿನ ಬೇವಿನ ಗಿಡದ ಕೆಳಗ ಕುಂತು ನೋಡಿದ. ಆಮ್ಯಾಲೆ ಎದ್ದು ಬಂದ.

"ಸಾವ್ಕಾರ್ರ, ನಿಮ್ಮ ಬಾಗಲಾಗ ಎತ್ತಿಗೆ ನೀರಿಲ್ಲ. ಮೈಲಾರಪ್ಪನ ಕಡೆ ಎತ್ತು ಕುಡಿಯೋ ಕಲ್ಲದೋಣಿ ತುಂಬ ನೀರೈತಿ. ಎತ್ತು ಅತ್ತಾಗ ಎಳಿತಾವು, ಮನಶ್ಯಾ ಎತ್ತಿನ ಹಿಂದ ಹೊಕ್ಕಾನ."

"ಇಷ್ಟ?" ಭರಮಪ್ಪನ ಮೀಸಿ ನೆಟ್ಟಗ ನಿಂತವು. "ಇದನ್ನ ನನ್ನ ಹೇಣ್ತಿ ಆರ ವರ್ಷದಿಂದ ಫುಕಟ ಹೇಳ್ತಾಳಲ್ಲೋ! ಎದ್ದ ನಡಿ!"

ಆ ಹೇಣ್ತಿ, ಉಡಚವ್ವ, ಕಸಬರಿಗಿ ಹಿಡಕೊಂಡ ಹೊರಗ ಬಂದ್ಲು. "ಕೊಡ್ರಿ ಅವಗ."

"ಯಾಕ ಕೊಡ್ಲಿ?"

"ನಾ ಫುಕಟ ಹೇಳಿದ್ದಕ್ಕ ನೀವು ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಇಪ್ಪತ್ತೈದು ಹೋದ ಹೊಟ್ಟಿಉರಿಗಾದ್ರೂ ನಾಳೆ ದೋಣಿ ಇಡ್ತೀರಿ. ಕೊಡ್ತೀರೋ, ಇವತ್ತ ಒಲಿ ಹಚ್ಚೂದ ಬಿಡ್ಲೋ?"

ದಾರಿಯಾಗಿನ ಚಕ್ಕಡಿಯವರು ನಕ್ಕರು. ಭರಮಪ್ಪ ನೋಟು ಮಣ್ಣಾಗ ಒಗದ. "ಆರಿಸ್ಕೊ. ಇನ್ನೊಮ್ಮೆ ಈ ಕಡೆ ಕಂಡ್ರ ಕಾಲ ಮುರಿತೇನಿ."

ಹೊಳಬಸಪ್ಪ ಒಂದೊಂದ ಆರಿಸಿ ಮಣ್ಣು ಊದಿದ. "ದೋಣಿ ನೆರಳಿಗೆ ಇಡ್ರಿ."

"ಹೋಗಲೇ!"

ಅಮಾಸಿ ದಿನ ಶೇಖವ್ವ ನೋಟು ಹೊಳ್ಳಿಮಳ್ಳಿ ನೋಡಿ, "ಕದ್ದಿಯೇನು?" ಅಂದ್ಲು. "ಇಲ್ಲಬೇ." ಅವತ್ತಿಂದ ಆಕಿ ಸಾವ್ಕಾರನ ಮಾತು ಎತ್ತಲಿಲ್ಲ.

ಭರಮಪ್ಪ ಬೈಕೋತನ ದೋಣಿ ಬೇವಿನ ನೆರಳಿಗೆ ಇಟ್ಟ. ತಿಂಗಳದಾಗ ಅವನ ಬಾಗಲಿಗೆ ಸಾಲು ಎಷ್ಟ ಹತ್ತಿತಂದ್ರ, ಕಡೀ ಚಕ್ಕಡಿ ರಾಣೇಬೆನ್ನೂರಾಗ ನಿಂತಿತ್ತು. ಮೈಲಾರಪ್ಪ ಬಡಿಗಿ ಹಿಡಕೊಂಡು ಹತ್ತಿಮತ್ತೂರಿಗೇ ಬಂದ.

"ನನ್ನ ಅನ್ನಕ್ಕ ಮಣ್ಣ ಹಾಕಿದೆಲ್ಲೋ! ನಡಿ, ಆ ಭರಮಪ್ಪಗ ಒಂದ ತಪ್ಪ ಬುದ್ಧಿ ಹೇಳು. ಐವತ್ತು ಕೊಡ್ತೇನಿ."

"ತಪ್ಪ ಬುದ್ಧಿ ಯಾವ ಕಟ್ಟಿ ಮ್ಯಾಲೆ ಕುಂತರೂ ಪುಕ್ಕಟೆ ಸಿಗತೈತ್ರಿ, ಅದಕ್ಯಾಕ ಐವತ್ತು? ನಿಮ್ಮ ಗಿರಣಿ ನೆಟ್ಟಗ ಮಾಡೂದಿದ್ರ ಇಪ್ಪತ್ತೈದು."

ಬಡಿಗಿ ಮ್ಯಾಲೆದ್ದಿತು. ಹೊಳಬಸಪ್ಪ ಸರೀಲಿಲ್ಲ. ಮೈಲಾರಪ್ಪ ಹಲ್ಲ ಕಡದ, ಬಡಿಗಿ ಇಳಿಸಿದ, ಕಿಸೇಕ ಕೈ ಹಾಕಿ...

ಹಾಂ? ಬಂದ್ನೆವ್ವಾ, ಬಂದೆ! ಏಳೋ, ಊಟಕ್ಕ ಕರ್ಯಾಕತ್ತಾರ, ಝುಣಕ ಆರಾಕತ್ತೈತಂತ.